ನೂರಕ್ಕೆ ಮೂರು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಪರೀಕ್ಷೆಯಲ್ಲಿ ಅದರ ಅರ್ಥವನ್ನು ವಿಸ್ತರಿಸಿ ಬರೆದೂ ಇರುತ್ತೀರಿ. ಆದರೆ ನಿಮ್ಮ ಮನೆಯ ಹಾಸಿಗೆ ಎಷ್ಟು ಉದ್ದವಿದೆ ಎಂಬುದು ನಿಮಗೆ ಗೊತ್ತೇ? ವರ್ಷಕ್ಕೆ ಮನೆಗೆ ಎಷ್ಟು ಹಣ ಬರುತ್ತದೆ? ಎಷ್ಟು ಖರ್ಚಾಗುತ್ತದೆ? ಯಾರಿಗೆ ಎಷ್ಟು ಕೊಡಬೇಕಾಗಿದೆ? ಈ ಪ್ರಶ್ನೆಗಳನ್ನು ನಾನು ವರ್ಗದಲ್ಲಿ ಕೇಳಿದಾಗ ಬಹಳಷ್ಟು ಮಕ್ಕಳು ತಲೆ ತಗ್ಗಿಸುತ್ತಾರೆ. ಅದು ಅವರ ತಪ್ಪಲ್ಲ. ಹಿರಿಯರು ಹಣದ ಮಾತು ಆಡುತ್ತಿರುವಾಗ ಮಕ್ಕಳು ಒಳಗೆ ಬಂದರೆ ಮಾತು ನಿಂತುಹೋಗುತ್ತದೆ. ‘ನೀನು ಹೊರಗೆ ಆಟ ಆಡು ಹೋಗು’ ಎನ್ನುತ್ತಾರೆ.

ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಮನೆಯ ಲೆಕ್ಕ ಮಕ್ಕಳಿಗೂ ತಿಳಿದಿರಬೇಕು. ಹಣದ ಮಾತನ್ನು ಮನೆಯಲ್ಲಿ ಬಾಯಿಬಿಟ್ಟು ಆಡಬೇಕು. ಹೀಗೇಕೆ ಹೇಳುತ್ತೇನೆ ಎಂಬುದಕ್ಕೆ ನನ್ನ ಬಾಳಿನಲ್ಲಿ ನಡೆದ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ. ಓದಿ, ನೀವೇ ವಿಚಾರ ಮಾಡಿ.

ನನ್ನ ಊರು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ನಮ್ಮದು ಮಳೆಯನ್ನೇ ನಂಬಿದ ಹೊಲ. ಬಿಳಿಜೋಳ, ತೊಗರಿ, ಕಡಲೆ ಬೆಳೆಯುತ್ತಿದ್ದೆವು. ತೊಗರಿಯನ್ನು ದುಧನಿಯ ಪೇಟೆಗೆ ಒಯ್ದು ಮಾರುವುದು ರೂಢಿ. 1978ರಲ್ಲಿ ಯುಗಾದಿಯ ಮರುವಾರ ನಮ್ಮ ಎತ್ತು ಸತ್ತಿತು. ಒಂಟಿ ಎತ್ತಿನಿಂದ ಹೊಲ ಹರಗುವುದು ಸಾಧ್ಯವಿರಲಿಲ್ಲ. ಅಪ್ಪ ಊರಿನ ಸಾವಕಾರರ ಮನೆಗೆ ಹೋಗಿ 600 ರೂಪಾಯಿ ಸಾಲ ತಂದರು. ಬಡ್ಡಿ ‘ನೂರಕ್ಕೆ ಮೂರು’ ಎಂದು ಮಾತಾಯಿತು. ಅಪ್ಪ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದರು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಆ ಸಾವಕಾರರು ಕೆಟ್ಟ ಮನುಷ್ಯರೇನೂ ಆಗಿರಲಿಲ್ಲ. ಅಪ್ಪ ರಾತ್ರಿ ಹೋಗಿ ಬಾಗಿಲು ಬಡಿದರೂ ಎದ್ದು ಬಂದು ಹಣ ಕೊಟ್ಟರು. ಸೊಸೈಟಿಯಲ್ಲಿ ಸಾಲ ಬೇಕೆಂದರೆ ಸಾತಬಾರಾ ಉತಾರ ಬೇಕು, ಜಾಮೀನು ಬೇಕು, ನಾಲ್ಕು ಸಲ ತಿರುಗಾಡಬೇಕು. ಕಾಗದಗಳೆಲ್ಲ ಮರಾಠಿಯಲ್ಲಿ. ಅಪ್ಪನಿಗೆ ಮರಾಠಿ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕನ್ನಡವನ್ನೂ ಅವರು ಓದಲು ಕಲಿತಿರಲಿಲ್ಲ. ಆದ್ದರಿಂದ ಕಚೇರಿಯ ಕಟ್ಟೆ ಹತ್ತಲು ಅವರಿಗೆ ಸಂಕೋಚ. ಸಾವಕಾರರ ಮನೆಯಲ್ಲಿ ಆ ಸಂಕೋಚವಿರಲಿಲ್ಲ.

ಮುಂದೆ ಮೂರು ವರ್ಷಗಳ ಕಾಲ ಅಪ್ಪ ಪ್ರತಿ ಯುಗಾದಿಗೆ ಸಾವಕಾರರ ಬಡ್ಡಿಯನ್ನು ತಪ್ಪದೆ ಮುಟ್ಟಿಸಿದರು. ತೊಗರಿ ಮಾರಿದ ಹಣದಲ್ಲಿ ಮೊದಲು ಅವರ ಪಾಲು ತೆಗೆದಿಡುತ್ತಿದ್ದರು. ಉಳಿದದ್ದರಲ್ಲಿ ಬೀಜ, ಬಟ್ಟೆ, ಹಬ್ಬ. ಮನೆಯಲ್ಲಿ ಸಾಲದ ಮಾತು ಬಂದರೆ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, “ಕೂಸಿನ ಮುಂದ ಸಾಲದ ಮಾತು ಬ್ಯಾಡಪ್ಪಾ” ಎಂದು ತಡೆಯುತ್ತಿದ್ದಳು. ಹೀಗಾಗಿ ನಮಗೆ ಸಾಲವಿದೆ ಎಂಬುದು ಗೊತ್ತಿತ್ತು, ಎಷ್ಟು ಎಂಬುದು ಗೊತ್ತಿರಲಿಲ್ಲ.

1981ರಲ್ಲಿ ನಾನು ಆರನೆಯ ಇಯತ್ತೆಯಲ್ಲಿದ್ದೆ. ಶಾಲೆಯಲ್ಲಿ ಗುರುಗಳು ಸರಳಬಡ್ಡಿಯ ಲೆಕ್ಕ ಕಲಿಸಿದರು. ಅಸಲು, ದರ, ಅವಧಿ ಈ ಮೂರನ್ನು ಗುಣಿಸಿ ನೂರರಿಂದ ಭಾಗಿಸಿದರೆ ಬಡ್ಡಿ ಸಿಗುತ್ತದೆ. “ದರ ಎಂದರೆ ವರ್ಷದ ದರ. ನಮ್ಮ ಸೊಸೈಟಿಯಲ್ಲಿ ನೂರಕ್ಕೆ ವರ್ಷಕ್ಕೆ ಹನ್ನೆರಡು ರೂಪಾಯಿ” ಎಂದು ಗುರುಗಳು ಹೇಳಿದರು. ನನಗೆ ಖುಷಿಯಾಯಿತು. ನಮ್ಮ ಅಪ್ಪ ಎಷ್ಟು ಜಾಣ! ಹನ್ನೆರಡು ಕೊಡುವ ಬದಲು ಬರೀ ಮೂರು ಕೊಡುತ್ತಿದ್ದಾನೆ ಎಂದುಕೊಂಡೆ. ಮನೆಗೆ ಬಂದು ಪಾಟಿಯ ಮೇಲೆ ಲೆಕ್ಕ ಮಾಡಿದೆ. ಆರು ನೂರಕ್ಕೆ ಮೂರರಂತೆ ವರ್ಷಕ್ಕೆ 18 ರೂಪಾಯಿ. ಅವ್ವನಿಗೆ ತೋರಿಸಿದೆ. ಅವ್ವ ನಕ್ಕಳು. “ಹದಿನೆಂಟಲ್ಲೋ ತಮ್ಮಾ, ಈ ಸಲ ಎರಡು ನೂರಾ ಹದಿನಾರು ಕೊಟ್ಟು ಬಂದಾರ” ಎಂದಳು.

ನನ್ನ ಲೆಕ್ಕ ಎಲ್ಲಿ ತಪ್ಪಿತು? ಮತ್ತೆ ಮತ್ತೆ ಮಾಡಿ ನೋಡಿದೆ. ಕೊನೆಗೆ ಹೊಳೆಯಿತು. ಸಾವಕಾರರ ‘ನೂರಕ್ಕೆ ಮೂರು’ ತಿಂಗಳ ಲೆಕ್ಕ. ಸೊಸೈಟಿಯ ‘ನೂರಕ್ಕೆ ಹನ್ನೆರಡು’ ವರ್ಷದ ಲೆಕ್ಕ. ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ ಮೂವತ್ತಾರು! ತಿಂಗಳಿಗೆ 18 ರೂಪಾಯಿಯಂತೆ ಹನ್ನೆರಡು ತಿಂಗಳಿಗೆ 216 ರೂಪಾಯಿ. ಮೂರು ವರ್ಷಕ್ಕೆ 648 ರೂಪಾಯಿ. ತಂದ ಸಾಲ 600, ಕೊಟ್ಟ ಬಡ್ಡಿ 648, ಆದರೂ 600 ರೂಪಾಯಿ ಅಸಲು ಹಾಗೆಯೇ ನಿಂತಿತ್ತು. ಅದೇ ಸಾಲ ಸೊಸೈಟಿಯದಾಗಿದ್ದರೆ ವರ್ಷದ ಬಡ್ಡಿ ಬರೀ 72 ರೂಪಾಯಿ.

ಸಂಜೆ ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪನ ಮುಖ ಬಿಗಿಯಿತು. “ನೀ ಸಾಲಿ ಕಲಿ. ಮನಿ ಉಸಾಬರಿ ನಿನಗ್ಯಾಕ?” ಎಂದರು. ನಾನು ಹೆದರಿ ಸುಮ್ಮನಾದೆ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಪ್ಪ ನನ್ನನ್ನು ಎಬ್ಬಿಸಿದರು. ಕಂದೀಲು ಹತ್ತಿರ ಸರಿಸಿ, “ತಮ್ಮಾ, ಆ ಲೆಕ್ಕ ಇನ್ನೊಮ್ಮಿ ಓದು” ಎಂದರು. ನಾನು ಓದಿದೆ. ಅವರು ಬೆರಳು ಮಡಚುತ್ತ ಕೇಳಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೂರು ಅಂದ್ರ ಸಣ್ಣದು ಅಂತ ತಿಳಕೊಂಡಿದ್ದೆ” ಎಂದರು. ನನ್ನ ಅಪ್ಪನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮರುದಿನ ನಮ್ಮ ಮನೆಯಲ್ಲಿ ಮೊದಲ ಸಲ ಹಣದ ಮಾತು ಎಲ್ಲರ ಮುಂದೆ ನಡೆಯಿತು. ಬಡ್ಡಿ ಕಟ್ಟುತ್ತ ಕೂತರೆ ಸಾಲ ತೀರುವುದಿಲ್ಲ, ಅಸಲನ್ನು ಕಡಿಮೆ ಮಾಡಬೇಕು ಎಂದು ಎಲ್ಲರಿಗೂ ತಿಳಿಯಿತು. ಅವ್ವ ಜೋಳದ ಕಣಜದೊಳಗೆ ಬಚ್ಚಿಟ್ಟಿದ್ದ ಗಂಟನ್ನು ತಂದು ಇಟ್ಟಳು. ಎರಡು ಆಡುಗಳನ್ನು ಮಾರಿದರು. ಹೀಗೆ 250 ರೂಪಾಯಿ ಕೂಡಿತು. ಅದನ್ನು ಅಸಲಿಗೆ ಕಟ್ಟಿ, ಕಾಗದದ ಮೇಲೆ ಬರೆಯಿಸಿಕೊಂಡು ಬಂದರು. ಉಳಿದದ್ದು 350 ರೂಪಾಯಿ. ಅದರ ವರ್ಷದ ಬಡ್ಡಿ 126 ರೂಪಾಯಿ. ಮುಂದಿನ ಯುಗಾದಿಗೆ ಬಡ್ಡಿಯೊಂದಿಗೆ 150 ರೂಪಾಯಿ ಅಸಲು ಕೊಟ್ಟರು. ಉಳಿದ 200 ರೂಪಾಯಿಯನ್ನು 72 ರೂಪಾಯಿ ಬಡ್ಡಿಯೊಂದಿಗೆ 1983ರ ಯುಗಾದಿಗೆ ತೀರಿಸಿದರು. ಒಟ್ಟು ಕೂಡಿಸಿ ನೋಡಿ: 648, 250, 276, 272. ಆರು ನೂರು ರೂಪಾಯಿಯ ಎತ್ತಿಗೆ ನಾವು ಕೊಟ್ಟದ್ದು 1446 ರೂಪಾಯಿ!

ಆ ಲೆಕ್ಕವನ್ನು ಮೊದಲ ವರ್ಷವೇ ಮನೆಯಲ್ಲಿ ಬಾಯಿಬಿಟ್ಟು ಆಡಿದ್ದರೆ? ಅವ್ವನ ಗಂಟು ಆಗಲೂ ಕಣಜದಲ್ಲಿಯೇ ಇತ್ತು. ಸಾಲ ಎಷ್ಟೆಂದು ಅವ್ವನಿಗೆ ಗೊತ್ತಿರಲಿಲ್ಲ. ಗಂಟು ಇದೆಯೆಂದು ಅಪ್ಪನಿಗೆ ಗೊತ್ತಿರಲಿಲ್ಲ.

ಮಕ್ಕಳೇ, ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ನಮ್ಮ ರಾಜ್ಯದ ಇತಿಹಾಸದಲ್ಲಿ 1875ರ ದಖ್ಖನ ರೈತರ ದಂಗೆ ಪ್ರಸಿದ್ಧವಾಗಿದೆ. ಪುಣೆ ಹಾಗೂ ಅಹಮದನಗರ (ಇಂದಿನ ಅಹಿಲ್ಯಾನಗರ) ಜಿಲ್ಲೆಗಳ ರೈತರು ಸಾಲಪತ್ರಗಳನ್ನು ಕಸಿದುಕೊಂಡು ಸುಟ್ಟುಹಾಕಿದರು. ತಾವು ಓದಲಾರದ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಸಿಟ್ಟು ಅದು. ಮುಂದೆ 1879ರಲ್ಲಿ ಸರಕಾರ ದಖ್ಖನದ ರೈತರಿಗಾಗಿ ಒಂದು ಕಾಯದೆ ಮಾಡಿತು. ಆದರೆ ಕಾಗದ ಸುಟ್ಟರೆ ಸಾಲದ ಅಗತ್ಯ ಸುಡುವುದಿಲ್ಲ. ಎತ್ತು ಸತ್ತಾಗ ಹಣ ಬೇಕೇ ಬೇಕು. ಇದಕ್ಕೆ ಇನ್ನೊಂದು ದಾರಿಯನ್ನು ತೋರಿದವರಲ್ಲಿ ಗದಗ ಸೀಮೆಯ ಕಣಗಿನಹಾಳದ ಸಿದ್ದನಗೌಡ ಪಾಟೀಲರು ಒಬ್ಬರು. ಅವರು 1905ರಲ್ಲಿ ತಮ್ಮೂರಿನ ರೈತರನ್ನು ಕೂಡಿಸಿ ಸಹಕಾರಿ ಸಂಘವನ್ನು ಕಟ್ಟಿದರು. ಊರವರದೇ ಹಣ, ಊರವರಿಗೇ ಸಾಲ, ಎಲ್ಲರೂ ನೋಡಬಹುದಾದ ಲೆಕ್ಕ. ಇಂದು ನಮ್ಮ ಓಣಿಗಳಲ್ಲಿ ತಾಯಂದಿರು ನಡೆಸುವ ಬಚತ ಗಟಗಳೂ ಇದೇ ಬಗೆಯವು. ಅಲ್ಲಿ ಲೆಕ್ಕವನ್ನು ಎಲ್ಲರ ಮುಂದೆ ಓದುತ್ತಾರೆ. ಅವುಗಳ ಬಲ ಇರುವುದು ಆ ಓದಿನಲ್ಲಿಯೇ.

ಇಷ್ಟೆಲ್ಲ ತಿಳಿದ ನಾನು ಮುಂದೆ ತಪ್ಪು ಮಾಡಲಿಲ್ಲ ಎಂದುಕೊಂಡಿರಾ? ಮಾಡಿದೆ. ನಾನು ಶಿಕ್ಷಕನಾದ ಮೇಲೆ, 1997ರಲ್ಲಿ, ಒಬ್ಬರು ಬಂದು ‘ಎರಡು ವರ್ಷಕ್ಕೆ ಹಣ ದುಪ್ಪಟ್ಟು’ ಎಂಬ ಯೋಜನೆಯನ್ನು ಹೇಳಿದರು. ಬಣ್ಣದ ಕಾಗದ, ದೊಡ್ಡ ದೊಡ್ಡ ಮಾತು. ನಾನು 10,000 ರೂಪಾಯಿ ಕಟ್ಟಿದೆ. ಒಂದು ವರ್ಷ ಕಳೆಯುವುದರೊಳಗೆ ಆ ಕಚೇರಿಗೆ ಬೀಗ ಬಿತ್ತು. ಎರಡು ವರ್ಷಕ್ಕೆ ದುಪ್ಪಟ್ಟು ಎಂದರೆ ವರ್ಷಕ್ಕೆ ನೂರಕ್ಕೆ ಐವತ್ತು. ಯಾವ ಬೆಳೆ, ಯಾವ ವ್ಯಾಪಾರ ಪ್ರತಿವರ್ಷ ತಪ್ಪದೆ ಅಷ್ಟು ಲಾಭ ಕೊಡುತ್ತದೆ? ಆ ಹಣ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ. ಸರಳಬಡ್ಡಿಯನ್ನು ಪ್ರತಿವರ್ಷ ಫಲಕದ ಮೇಲೆ ಬರೆದು ಕಲಿಸುವ ನನಗೆ ನನ್ನ ಹಣದ ವಿಷಯದಲ್ಲಿ ಆ ಲೆಕ್ಕ ನೆನಪಾಗಲಿಲ್ಲ. ಆಸೆ ಬಂದಾಗ ಲೆಕ್ಕ ಮರೆಯುತ್ತದೆ.

ಆದರೆ ನನ್ನ ದೊಡ್ಡ ತಪ್ಪು ಅದಲ್ಲ. ಹಣ ಹೋದ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ‘ಮಾಸ್ತರರೇ ಮೋಸಹೋದರು’ ಎಂದು ಜನ ನಕ್ಕಾರು ಎಂಬ ನಾಚಿಕೆ. ಮರುವರ್ಷ ಅಂಥದೇ ಇನ್ನೊಂದು ಯೋಜನೆಯಲ್ಲಿ ನನ್ನ ಜೊತೆಯ ಇಬ್ಬರು ಶಿಕ್ಷಕರು ಹಣ ಕಟ್ಟಿ ಕಳೆದುಕೊಂಡರು. ಅವರಲ್ಲಿ ಒಬ್ಬರು ಮಗಳ ಮದುವೆಗೆಂದು ಕೂಡಿಸಿದ ಹಣ ಅದು. ನಾನು ಬಾಯಿಬಿಟ್ಟಿದ್ದರೆ ಅವರು ಎಚ್ಚರವಾಗುತ್ತಿದ್ದರು. ನನ್ನ ಹತ್ತು ಸಾವಿರ ಹೋದದ್ದು ನನಗೆ ಈಗ ಮರೆತಿದೆ. ಅವರ ಹಣ ಹೋದದ್ದು ಮರೆತಿಲ್ಲ.

ಇನ್ನೊಂದು ಸಂಗತಿ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ದೊಡ್ಡವ್ವ ಇದ್ದಳು. ಹಾಲು ಮಾರಿ ಉಳಿಸಿದ ಹಣವನ್ನು ಐನೂರರ ನೋಟು ಮಾಡಿಸಿ ಕೌದಿಯ ಪದರಿನೊಳಗೆ ಇಟ್ಟು ಹೊಲಿದಿದ್ದಳು. ಮನೆಯವರಿಗೆ ಯಾರಿಗೂ ಹೇಳಿರಲಿಲ್ಲ. 2016ರ ನವೆಂಬರ 8ರಂದು 500 ಹಾಗೂ 1000 ರೂಪಾಯಿಯ ಹಳೆಯ ನೋಟುಗಳು ರದ್ದಾದವು. ಅವುಗಳನ್ನು ಬ್ಯಾಂಕಿಗೆ ಕಟ್ಟಲು ಡಿಸೆಂಬರ 30ರವರೆಗೆ ಅವಧಿ ಇತ್ತು. ದೊಡ್ಡವ್ವನಿಗೆ ಆಗ ಮೈಯಲ್ಲಿ ಹುಷಾರಿರಲಿಲ್ಲ. ಊರ ತುಂಬ ನೋಟಿನದೇ ಮಾತು ನಡೆದಿದ್ದರೂ ಆಕೆ ಹೇಳಲಿಲ್ಲ, ಮನೆಯವರು ಕೇಳಲಿಲ್ಲ. ಮರುವರ್ಷ ಪಂಚಮಿಯ ಮುಂದೆ ಸೊಸೆ ಕೌದಿ ಬಿಚ್ಚಿ ಒಗೆಯಲು ಕೂತಾಗ ಏಳು ನೋಟುಗಳು ಹೊರಬಂದವು. 3,500 ರೂಪಾಯಿ. ಯಾರೂ ತೆಗೆದುಕೊಳ್ಳದ ಕಾಗದ. ದೊಡ್ಡವ್ವ ಅವನ್ನು ಸುಡಲು ಬಿಡಲಿಲ್ಲ. ಬಹಳ ದಿನ ದೇವರ ಮಾಡದಲ್ಲಿ ಇಟ್ಟುಕೊಂಡಿದ್ದಳು. ಆಕೆ ದುಂದು ಮಾಡಿದವಳಲ್ಲ, ಹನಿ ಹನಿ ಕೂಡಿಸಿದವಳು. ಆದರೂ ಹಣ ಉಳಿಯಲಿಲ್ಲ. ಉಳಿತಾಯ ಒಳ್ಳೆಯದು, ಆದರೆ ಗುಟ್ಟಾದ ಉಳಿತಾಯ ಅರ್ಧ ಉಳಿತಾಯ ಎಂದು ನಾನು ಅಂದು ಕಲಿತೆ.

ನನ್ನ ಈ ಅಭಿಪ್ರಾಯವನ್ನು ಒಪ್ಪದವರೂ ಇದ್ದಾರೆ. ‘ಮಕ್ಕಳ ಎಳೆಯ ಮನಸ್ಸಿಗೆ ಸಾಲದ ಚಿಂತೆ ಏಕೆ?’ ಎಂದು ಅವರು ಕೇಳುತ್ತಾರೆ. ಆಯಿಯ ಮಾತೂ ಅದೇ ಆಗಿತ್ತು. ಅದರಲ್ಲಿ ಪ್ರೀತಿ ಇತ್ತು. ಆದರೆ ಮಕ್ಕಳಿಗೆ ಚಿಂತೆ ತಪ್ಪುವುದಿಲ್ಲ ಎಂಬುದನ್ನು ನಾನು ಬಲ್ಲೆ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಮಗು ನೋಡುತ್ತದೆ. ಹಬ್ಬಕ್ಕೆ ಬಟ್ಟೆ ಬರಲಿಲ್ಲವೇಕೆ ಎಂದು ಯೋಚಿಸುತ್ತದೆ. ಕಾರಣ ತಿಳಿಯದೆ, ತನ್ನದೇ ಏನೋ ತಪ್ಪಿರಬೇಕು ಎಂದುಕೊಳ್ಳುತ್ತದೆ. ಕಾರಣ ತಿಳಿದ ಮಗು ಹಟ ಮಾಡುವುದಿಲ್ಲ, ಕೈ ಜೋಡಿಸುತ್ತದೆ. ಹಾಗೆಂದು ಮನೆಯ ಮಾತನ್ನು ಓಣಿಯಲ್ಲಿ ಹೇಳುತ್ತ ತಿರುಗಬಾರದು. ಅಪ್ಪ ಅವ್ವನ ತಪ್ಪನ್ನು ನಾಲ್ಕು ಜನರ ಮುಂದೆ ಎತ್ತಿ ಆಡಬಾರದು. ಮನೆಯೊಳಗೆ ಕೇಳಬೇಕು, ಮೆಲ್ಲಗೆ ಕೇಳಬೇಕು, ಗೌರವದಿಂದ ಕೇಳಬೇಕು.

ಹಾಗಾದರೆ ಏನು ಕೇಳಬೇಕು? ಮೊದಲನೆಯದು, ‘ಇದು ತಿಂಗಳ ಲೆಕ್ಕವೋ, ವರ್ಷದ್ದೋ, ದಿನದ್ದೋ?’ ನೂರು ರೂಪಾಯಿಗೆ ದಿನಕ್ಕೆ ಒಂದೇ ರೂಪಾಯಿ ಬಡ್ಡಿ ಎಂದು ಯಾರಾದರೂ ಹೇಳಿದರೆ, ಅದು ವರ್ಷಕ್ಕೆ ನೂರಕ್ಕೆ 365 ಆಯಿತು. ಮೊಬೈಲಿನಲ್ಲಿ ಕ್ಷಣದಲ್ಲಿ ಸಾಲ ಕೊಡುತ್ತೇವೆ ಎನ್ನುವವರ ಮಾತನ್ನು ಹೀಗೆಯೇ ಅಳೆದು ನೋಡಿ. ಎರಡನೆಯದು, ‘ಒಟ್ಟು ಎಷ್ಟಾಗುತ್ತದೆ?’ ಒಂದು ವಸ್ತುವಿಗೆ ತಿಂಗಳಿಗೆ 1,000 ರೂಪಾಯಿಯಂತೆ 14 ಕಂತು ಎಂದರೆ 14,000. ರೋಖ ಬೆಲೆ 12,000 ಇದ್ದರೆ, ಎರಡು ಸಾವಿರ ಯಾವುದಕ್ಕೆ ಎಂದು ಕೇಳಬೇಕು. ಮೂರನೆಯದು, ‘ಈ ಲಾಭ ಎಲ್ಲಿಂದ ಬರುತ್ತದೆ?’ ನಾಲ್ಕನೆಯದು, ‘ಬರೆದು ಕೊಡುತ್ತೀರಾ?’ ಮಹಾರಾಷ್ಟ್ರದಲ್ಲಿ ಬಡ್ಡಿ ವ್ಯವಹಾರ ನಡೆಸುವವರಿಗೆ ಪರವಾನಗಿ ಇರಲೇಬೇಕೆಂದು 2014ರ ಕಾಯದೆ ಹೇಳುತ್ತದೆ. ಪಾವತಿ ಕೇಳುವುದು ಅಪನಂಬಿಕೆಯಲ್ಲ, ಅದು ನಮ್ಮ ಹಕ್ಕು.

ಹಣವನ್ನು ಎಲ್ಲಿ ಇಡಬೇಕೆಂಬುದನ್ನೂ ತಿಳಿದುಕೊಳ್ಳಿ. ಬ್ಯಾಂಕು ಮುಳುಗಿದರೂ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆ ಇದೆ. 2020ರ ಫೆಬ್ರವರಿಗಿಂತ ಮೊದಲು ಅದು 1 ಲಕ್ಷ ಇತ್ತು. ಪತಸಂಸ್ಥೆಗಳ ಠೇವಣಿಗೆ ಈ ವಿಮೆ ಇಲ್ಲ. ಹತ್ತು ವರ್ಷ ತುಂಬಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲಿಯೇ ಉಳಿತಾಯ ಖಾತೆ ತೆರೆಯಬಹುದು. ಇಂದು ಅಪ್ಪ ಅವ್ವನ ಮೊಬೈಲಿನಲ್ಲಿಯೇ ಹಣ ಬರುತ್ತದೆ, ಹೋಗುತ್ತದೆ. ಯಾರಾದರೂ ಕರೆ ಮಾಡಿ ಗುಪ್ತ ಸಂಖ್ಯೆ ಕೇಳಿದರೆ ಹೇಳಬಾರದು ಎಂದು ಮನೆಯವರಿಗೆ ತಿಳಿಸಿ. ಮೋಸವಾದರೆ ನನ್ನಂತೆ ನಾಚಿ ಸುಮ್ಮನಿರದೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಗಡಿಯ ಈಚೆಗಿರುವ ನಾವು ಮನೆಯಲ್ಲಿ ಕನ್ನಡ ಮಾತಾಡುತ್ತೇವೆ. ಕಚೇರಿಯ ಕಾಗದಗಳು ಮರಾಠಿಯಲ್ಲಿರುತ್ತವೆ, ಬ್ಯಾಂಕಿನ ಕೆಲವು ಕಾಗದಗಳು ಇಂಗ್ಲಿಷಿನಲ್ಲಿರುತ್ತವೆ. ನನ್ನ ಅಪ್ಪನಿಗೆ ಇವು ಮೂರೂ ಬಾಗಿಲು ಮುಚ್ಚಿದ ಮನೆಗಳಾಗಿದ್ದವು. ನೀವು ಹಾಗಲ್ಲ. ಕನ್ನಡದಲ್ಲಿ ಗಣಿತ ಕಲಿತಿದ್ದೀರಿ, ಮರಾಠಿ ಓದಬಲ್ಲಿರಿ, ಇಂಗ್ಲಿಷಿನ ಅಕ್ಷರ ಬಲ್ಲಿರಿ. ನಿಮ್ಮ ಮನೆಯಲ್ಲಿ ಓದು ಬಾರದ ಅಜ್ಜ, ಆಯಿ ಇದ್ದರೆ ಅವರಿಗೆ ನೀವೇ ಕಣ್ಣು. ಅವರು ಸಹಿ ಮಾಡುವ ಮೊದಲು ಆ ಕಾಗದವನ್ನು ಓದಿ ಹೇಳಿ. ನಿಮಗೆ ತಿಳಿಯದಿದ್ದರೆ ಶಾಲೆಗೆ ತನ್ನಿ, ಗುರುಗಳನ್ನು ಕೇಳಿ.

ಈ ಪಾಠ ಓದಿದ ದಿನ ಸಂಜೆ ಒಂದು ಕೆಲಸ ಮಾಡಿ. ಹಳೆಯ ವಹಿಯ ಖಾಲಿ ಹಾಳೆಗಳನ್ನು ಕೂಡಿಸಿ ಹೊಲಿದು ಒಂದು ಲೆಕ್ಕದ ವಹಿ ಮಾಡಿ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಮೊದಲು ನಿಮ್ಮ ಸಣ್ಣ ಹಣವನ್ನೇ ಬರೆಯಿರಿ. ಆಮೇಲೆ ಅಪ್ಪ ಅವ್ವನ ಹತ್ತಿರ ಕುಳಿತು, “ಈ ವಾರದ ಮನೆಯ ಲೆಕ್ಕ ನಾನು ಬರೆಯಲೇ?” ಎಂದು ಕೇಳಿ. ಮೊದಲ ದಿನ ಅವರು ಬೈಯಬಹುದು. ನನ್ನ ಅಪ್ಪನೂ ಬೈದಿದ್ದರು. ಆದರೆ ರಾತ್ರಿ ಎದ್ದು ಕಂದೀಲು ಹತ್ತಿರ ಸರಿಸಿದವರೂ ಅವರೇ.